ಹಾಡಿನ ಪಾಸ್‌ವರ್ಡ್ ಹುಡುಕುವವರಿಗೆ

ನಮ್ಮ ಸಾಫ್ಟ್‌ವೇರ್ ಮಂದಿಗೊಂದು ಚಟ. ಏನು ಕಂಡರೂ ಅದರ ಹಿಂದೆ ಕೋಡ್ ಇದೆ, ಕೀಲಿ ಸಿಕ್ಕರೆ ಒಡೆಯಬಹುದು ಅನ್ನಿಸುತ್ತೆ. ರಷ್ಯಾದ ಸಂಗೀತಗಾರ ದಿಮಿತ್ರಿ ಶೋಸ್ತಕೋವಿಚ್ ಬಗ್ಗೆ ಬರೆಯುವವರಿಗೂ ಇದೇ ಚಟ. ಕಾರಣವೂ ಇದೆ ಅನ್ನಿ. ತನ್ನ ಹೆಸರಿನ ಅಕ್ಷರಗಳನ್ನು ನಾಲ್ಕು ಸ್ವರವಾಗಿಸಿ 1953ರ ಹತ್ತನೇ ಸಿಂಫನಿಯಲ್ಲಿ, 1960ರ ಎಂಟನೇ ಕ್ವಾರ್ಟೆಟ್‌ನಲ್ಲಿ ಮತ್ತೆ ಮತ್ತೆ ನುಡಿಸಿದ ಆಸಾಮಿ ಆತ. ಆದರೆ 'ಯೆಹೂದಿ ಜನಪದ ಕಾವ್ಯದಿಂದ' ಎಂಬ ಆತನ ಹಾಡುಮಾಲೆಗೆ ಈ ಕೀಲಿ ಹೊಂದುವುದಿಲ್ಲ ಅನ್ನೋದು ನನ್ನ ವಾದ.

1948ರ ಜನವರಿಯಲ್ಲಿ ಯೆಹೂದಿ ರಂಗಭೂಮಿಯ ದೊಡ್ಡ ನಟ ಮಿಖೋಯೆಲ್ಸ್‌ನನ್ನು ಸ್ಟಾಲಿನ್ ಸರ್ಕಾರ ಕೊಲ್ಲಿಸಿ, ರಸ್ತೆ ಅಪಘಾತ ಅಂತ ತೋರಿಸಿತು. ಫೆಬ್ರವರಿಯಲ್ಲಿ ಪಕ್ಷ ಶೋಸ್ತಕೋವಿಚ್‌ನನ್ನೂ ಜನವಿರೋಧಿ ಸಂಗೀತಗಾರರ ಪಟ್ಟಿಗೆ ಸೇರಿಸಿತು. ಅದೇ ವರ್ಷ ಆತ ಈ 11 ಹಾಡು ಬರೆದ. ಮೊದಲ ಎಂಟರಲ್ಲಿ ಸತ್ತ ಮಗು, ಹಸಿವು, ಚಳಿ. ಕೊನೆಯ ಮೂರರಲ್ಲಿ ಸೋವಿಯತ್ ನಾಡಿನ ಸುಖ. ಹಾಡಿಸುವ ಧೈರ್ಯ ಬಂದದ್ದು ಸ್ಟಾಲಿನ್ ಸತ್ತ ಮೇಲೆ, 1955ರ ಜನವರಿಯಲ್ಲಿ, ಲೆನಿನ್‌ಗ್ರಾದಿನಲ್ಲಿ.

ಒಂದು ಗುಂಪು ಇದನ್ನು ಗುಪ್ತ ಪ್ರತಿಭಟನೆ ಅನ್ನುತ್ತೆ. ಇನ್ನೊಂದು, ಜನಪದ ಧಾಟಿಯಲ್ಲಿ ಬರೆ ಅಂದ ಪಕ್ಷದ ಮಾತು ಪಾಲಿಸಿದ ಅಷ್ಟೇ ಅನ್ನುತ್ತೆ. ಎರಡೂ ಗುಂಪು ನೋಡುತ್ತಿರೋದು ಆತನ ತಲೆಯೊಳಗೆ, ಹಾಡಿನೊಳಗೆ ಅಲ್ಲ.

ಕೊನೆಯ ಹಾಡನ್ನೇ ತಗೊಳ್ಳಿ. ಚಮ್ಮಾರನ ಹೆಂಡತಿಯೊಬ್ಬಳು ತನ್ನ ಮಕ್ಕಳು ಡಾಕ್ಟರಾದರು ಅಂತ ಬೀಗುತ್ತಾಳೆ. 1953ರ ಜನವರಿಯಲ್ಲಿ ಸ್ಟಾಲಿನ್ ಸರ್ಕಾರ ಡಾಕ್ಟರುಗಳ ಮೇಲೆ ಕೊಲೆ ಸಂಚಿನ ಸುಳ್ಳು ಆರೋಪ ಹೊರಿಸಿತು, ಹೆಸರಿಸಿದವರಲ್ಲಿ ಹೆಚ್ಚಿನವರು ಯೆಹೂದಿಗಳು. 1955ರಲ್ಲಿ ಆ ಸಾಲು ಕೇಳಿದವರಿಗೆ ಮೈ ಜುಂ ಅಂದಿರಬೇಕು. ಆದರೆ ಬರೆದದ್ದು 1948ರಲ್ಲಿ! ಐದು ವರ್ಷ ಮುಂದಿನ ಸಂಗತಿಯನ್ನು ಯಾರಾದರೂ ಬಚ್ಚಿಡಲು ಸಾಧ್ಯವೇ? ಆ ಅರ್ಥ ಇಟ್ಟವನು ಶೋಸ್ತಕೋವಿಚ್ ಅಲ್ಲ, ಸ್ಟಾಲಿನ್.

ಮೂರನೆಯದು ಜೋಗುಳ. ಮಗುವಿನ ಅಪ್ಪನನ್ನು ಝಾರ್ ದೊರೆ ಸೈಬೀರಿಯಾದಲ್ಲಿ ಸೆರೆ ಇಟ್ಟಿದ್ದಾನೆ. ಝಾರ್ ಹೋಗಿ 30 ವರ್ಷವಾಗಿತ್ತು, ಸೈಬೀರಿಯಾದ ಸೆರೆ ಮಾತ್ರ ಖಾಲಿಯಾಗಿರಲಿಲ್ಲ. ಇದರಲ್ಲಿ ಗುಟ್ಟೆಲ್ಲಿದೆ ಹೇಳಿ? ಪದ್ಯಗಳು 1947ರಲ್ಲಿ ಅಲ್ಲೇ ಅಚ್ಚಾಗಿದ್ದ ಸಂಕಲನದವು. ಎಲ್ಲರ ಕಣ್ಣೆದುರೇ ಇದ್ದವು.

ಅದಕ್ಕೇ ಹೇಳಿದ್ದು, ಇದು ಕೋಡ್ ಅಲ್ಲ. ಕೋಡ್ ಒಡೆದ ಮೇಲೆ ಯಾರೂ ಅದನ್ನು ಮತ್ತೆ ಓದಲ್ಲ, ಸಂದೇಶ ಸಿಕ್ಕಿತಲ್ಲ, ಮುಗೀತು. ಈ ಹಾಡುಗಳನ್ನು ಒಗಟು ಮಾಡಿದರೆ ಸಂಗೀತಗಾರನ ಜಾಣತನಕ್ಕೆ ಚಪ್ಪಾಳೆ ಬೀಳುತ್ತೆ, ಗಂಡನನ್ನು ಕಳಕೊಂಡು ಮಗು ತೂಗುತ್ತಿರುವ ಹೆಂಗಸು ಮರೆತೇ ಹೋಗುತ್ತಾಳೆ. ಅವಳ ದುಃಖ ಯಾವುದರ ಸಂಕೇತವೂ ಅಲ್ಲ, ದುಃಖವೇ. ನನಗೆ ರಷ್ಯನ್ ಬರಲ್ಲ. ಅರ್ಥ ಪಕ್ಕದಲ್ಲಿಟ್ಟುಕೊಂಡು ಕೇಳ್ತೀನಿ, ಆದರೂ ಆ ಜೋಗುಳಕ್ಕೆ ಗಂಟಲು ಕಟ್ಟುತ್ತೆ.

ಒಮ್ಮೆ ಕೇಳಿ ನೋಡಿ. ಪಾಸ್‌ವರ್ಡ್ ಬೇಕಾಗಲ್ಲ.