ಹೂವಿನ ಊರು ಯಾವುದು?

ಹೋದ ಸಂಚಿಕೆಯಲ್ಲಿ ಬಂದ ನನ್ನ ಪದ್ಯದಲ್ಲಿ ಒಂದು ತಪ್ಪಿದೆ. ಬಳಗದಲ್ಲಿ ಯಾರೂ ಎತ್ತಿ ತೋರಿಸಲಿಲ್ಲ. ಅದಕ್ಕೇ ಈ ನಾಲ್ಕು ಮಾತು. ಬೋರಿವಲಿಯ ಕಾಡಿನಲ್ಲಿ ಕಂಡ ಹಳದಿ-ಗುಲಾಬಿ ಹೂಗೊಂಚಲನ್ನು ನಾನು ‘ಅಜ್ಜಿಯ ಊರಿನ ಕಾಡುಹೂ’ ಎಂದು ಹಾಡಿ ಹೊಗಳಿದ್ದೆ. ಚಾಮರಾಜನಗರದ ಕಡೆಯ ಅಜ್ಜಿಯ ಊರಿನಲ್ಲಿ, ಬೇಲಿ ತುಂಬ ಅದೇ ಹೂ ಇದ್ದದ್ದು ನಿಜ. ಆದರೆ ಅದು ಅಜ್ಜಿಯ ಊರಿನದೂ ಅಲ್ಲ, ಬೋರಿವಲಿಯದೂ ಅಲ್ಲ. ಅದು ಲಂಟಾನ. ಹುಟ್ಟಿದ್ದು ಅಮೆರಿಕದ ಉಷ್ಣ ನಾಡುಗಳಲ್ಲಿ. 19ನೇ ಶತಮಾನದ ಮೊದಲ ದಶಕದಲ್ಲಿ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಆಮೇಲೆ ತೋಟ ದಾಟಿ ಕಾಡು ಹೊಕ್ಕಿತು.

ಇದನ್ನು ನನಗೆ ಹೇಳಿದವನು ಸಸ್ಯಶಾಸ್ತ್ರ ಓದುವ ನನ್ನ ಮರಾಠಿ ರೂಮ್‌ಮೇಟ್. ‘ಅರೆ, ಇದು ಘಾಣೇರಿ ಕಣೋ!’ ಎಂದು ನಕ್ಕುಬಿಟ್ಟ. ಘಾಣ ಅಂದರೆ ಹೊಲಸು. ಎಲೆ ಉಜ್ಜಿ ಮೂಸಿದರೆ ಆ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತೆ. ಗುರುತು ಹಿಡಿಯೋದೇನೂ ಕಷ್ಟವಲ್ಲ: ಚೌಕನೆಯ ಕಾಂಡ, ಅದರ ಮೇಲೆ ಕೊಕ್ಕೆಮುಳ್ಳು, ಎದುರುಬದುರು ಒರಟು ಎಲೆ. ಹೂ ಅರಳುವಾಗ ಹಳದಿ. ಪರಾಗಸ್ಪರ್ಶವಾದ ಮೇಲೆ ಗುಲಾಬಿಗೋ ಕೆಂಪಿಗೋ ತಿರುಗುತ್ತೆ. ಹಾಗಾಗಿ ಒಂದೇ ಗೊಂಚಲಿನ ನಡುವೆ ಒಂದು ಬಣ್ಣ, ಅಂಚಿಗೆ ಇನ್ನೊಂದು. ನಾನು ಮರುಳಾದದ್ದು ಈ ಬಣ್ಣಕ್ಕೆ. ಕಾಂಡ ಮುಟ್ಟಿ ನೋಡಿರಲಿಲ್ಲ.

‘ಪದ್ಯಕ್ಕೆ ಸಸ್ಯಶಾಸ್ತ್ರ ಯಾಕಯ್ಯಾ?’ ಎಂದು ಗೆಳೆಯರು ಕೇಳಬಹುದು. ಮುಂಬಯಿಯಲ್ಲಿ ಹೊರಗಿನವರಾದ ನಾವೇ ಹೊರಗಿನ ಗಿಡವನ್ನು ಹಳಿಯಬಹುದೆ ಎಂದೂ ಚುಚ್ಚಬಹುದು. ಸ್ವಾಮೀ, ಮೆಣಸಿನಕಾಯಿಯೂ ಅಮೆರಿಕದ್ದೇ, ಪೋರ್ಚುಗೀಸರು ತಂದದ್ದು. ಅದಿಲ್ಲದೆ ನಮ್ಮ ಮೆಸ್ಸಿನ ಸಾರು ಗಂಟಲಲ್ಲಿ ಇಳಿದೀತೆ? ಹುಟ್ಟೂರು ತಪ್ಪಲ್ಲ, ನಡತೆ ನೋಡಬೇಕು. ಲಂಟಾನ ನೆಲ ಕಾಣದ ಹಾಗೆ ಪೊದೆ ಕಟ್ಟುತ್ತೆ. ಅದರಡಿಯಲ್ಲಿ ಹುಲ್ಲು ಬೆಳೆಯೋದಿಲ್ಲ, ಮರದ ಸಸಿ ಮೇಲೇಳೋದಿಲ್ಲ. ಎಲೆ ತಿಂದರೆ ದನಕ್ಕೆ ವಿಷ. ಹಣ್ಣನ್ನು ಮಾತ್ರ ಪಿಕಳಾರಗಳು ತಿಂದು ಬೀಜವನ್ನು ಊರೆಲ್ಲ ಹರಡುತ್ತವೆ.

ಅಜ್ಜಿಯ ಸೀಮೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿ. ಹಿಂದೆ ತಾವು ಇಡುತ್ತಿದ್ದ ‘ತರಗು ಬೆಂಕಿ’ ಲಂಟಾನವನ್ನು ಹದ್ದಿನಲ್ಲಿಟ್ಟಿತ್ತು, 1974ರಲ್ಲಿ ಕಾಡು ಅಭಯಾರಣ್ಯವಾಗಿ ಬೆಂಕಿ ನಿಂತ ಮೇಲೆ ಅದು ಹಬ್ಬಿತು ಅಂತಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಕಾಂಡ ಕಡಿದು ಕುರ್ಚಿ, ಬುಟ್ಟಿ ಮಾಡುತ್ತಾರೆ. ಗಿಡದ ಗುರುತು ಬಲ್ಲವರು ಅವರು. ನಾನು ಅದರ ಮೇಲೆ ಪದ್ಯ ಕಟ್ಟಿದೆ.

ಊರು ಬಿಟ್ಟು ಬಂದ ನಮಗೆ ಹಸಿರು ಕಂಡಲ್ಲೆಲ್ಲ ಊರು ಕಾಣುವ ಚಟ. ನೆನಪು ಬರಲಿ, ಬೇಡ ಅನ್ನೋದಿಲ್ಲ. ಆದರೆ ಊರಿನ ಕಾಡನ್ನು ಮುಕ್ಕುತ್ತಿರುವ ಗಿಡಕ್ಕೇ ಊರಿನ ಹೆಸರು ಕೊಟ್ಟು ಮೆರೆಸಿದರೆ ಅಜ್ಜಿಗೆ ಏನಂತ ಉತ್ತರ ಹೇಳೋಣ? ಆ ಸಾಲನ್ನು ನಾನು ಹೊಡೆದುಹಾಕಿದ್ದೇನೆ. ನೀವೂ ನಿಮ್ಮ ಪ್ರತಿಯಲ್ಲಿ ಹೊಡೆದುಹಾಕಿ. ಮುಂದಿನ ಸಲ ಬೋರಿವಲಿಗೆ ಹೋದಾಗ, ಪದ್ಯ ಬರೆಯೋ ಮುಂಚೆ ಒಂದು ಎಲೆ ಉಜ್ಜಿ ಮೂಸಿ ನೋಡಿ.