ಮನೆಯಲ್ಲೇ ಉಳಿದವರನ್ನು ಕೇಳುವವರು ಯಾರು?

ಲೂಕನ ಸುವಾರ್ತೆಯ 15ನೇ ಅಧ್ಯಾಯದ ದುಂದುಗಾರ ಮಗನ ಸಾಮ್ಯ ಬಹಳ ಜನರಿಗೆ ಗೊತ್ತು. ಪಾಲು ತೆಗೆದುಕೊಂಡು ದೂರದೇಶಕ್ಕೆ ಹೋದ ಕಿರಿಯ ಮಗ ಎಲ್ಲ ಕಳೆದುಕೊಂಡು ಬರಿಗೈಯಲ್ಲಿ ಬರುತ್ತಾನೆ. ಅಪ್ಪ ಓಡಿಹೋಗಿ ತಬ್ಬಿಕೊಂಡು, ಕೊಬ್ಬಿದ ಕರು ಕೊಯ್ಸಿ ಊಟ ಹಾಕಿಸುತ್ತಾನೆ. ಹೊಲದಿಂದ ಬಂದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಆಮೇಲೆ ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವುದಿಲ್ಲ.

'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಧಾರಾವಾಹಿಯ ಏಳನೇ ಸೀಸನ್‌ನಲ್ಲಿ, 1999ರ ಜನವರಿಯಲ್ಲಿ ಬಂದ ಒಂದು ಕಂತಿನ ಹೆಸರು 'ಪ್ರಾಡಿಗಲ್ ಡಾಟರ್', ಅಂದರೆ ದುಂದುಗಾರ ಮಗಳು. ಆದರೆ ಮನೆಗೆ ಮರಳುವ ಎಜ್ರಿ ಏನನ್ನೂ ಹಾಳುಮಾಡಿಕೊಂಡವಳಲ್ಲ, ಸ್ಟಾರ್‌ಫ್ಲೀಟ್‌ನ ಅಧಿಕಾರಿ. ಕೆಟ್ಟಿರುವುದು ಮನೆ. ಗಣಿ ನಡೆಸುವ ಅಮ್ಮನ ಮಾತೇ ಅಲ್ಲಿ ಕಡೆಯದು. ಚಿತ್ರ ಬರೆಯುವ ಆಸೆಯಿದ್ದ ಸಹೋದರ ನಾರ್ವೊ ವ್ಯವಹಾರದಲ್ಲೇ ಸಿಕ್ಕಿಬಿದ್ದಿದ್ದಾನೆ. ಕಡೆಗೆ ಒಂದು ಕೊಲೆ ಅವನ ಕೈಯಿಂದಲೇ ಆಗಿದೆ ಎಂದು ಗೊತ್ತಾಗುತ್ತದೆ.

ಹೆಸರಿಗೂ ಕಥೆಗೂ ಸಂಬಂಧವಿಲ್ಲ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಸಾಮ್ಯ ಅರ್ಧಕ್ಕೆ ಬಿಟ್ಟ ಹಿರಿಯ ಮಗನ ಪಾಡನ್ನೇ ಈ ಕಂತು ಮುಂದುವರಿಸುತ್ತದೆ. ಸಾಮ್ಯದ ಅಪ್ಪ ಹೊರಗೆ ಬಂದು, 'ನನ್ನದೆಲ್ಲಾ ನಿನ್ನದೇ' ಎಂದು ಅವನನ್ನು ಸಮಾಧಾನ ಮಾಡುತ್ತಾನೆ. ನಾರ್ವೊಗೆ ಆ ಮಾತು ಹೇಳುವವರೇ ಇರಲಿಲ್ಲ. ಕೊಲೆಗೆ ಇದು ನೆಪವಾಗದು, ಅವನು ಜೈಲಿಗೆ ಹೋಗುವುದು ಸರಿಯೇ. ಆದರೆ ಬಿಟ್ಟುಹೋದವರು ಬಂದಾಗ ಊಟ ಹಾಕಿಸುವ ಮನೆ, ಉಳಿದವರು ಹೇಗಿದ್ದಾರೆಂದು ಅದಕ್ಕೂ ಮೊದಲೇ ಕೇಳಿಕೊಳ್ಳಬೇಕು.