ಕಾಲಿನ ದಾಖಲೆ, ಕಾಗದದ ದಾಖಲೆ

ಮಸ್ಕಿಯ ಗುಡ್ಡದಾಗ ಒಂದು ಕಲ್ಲು ಐತಿ. ನೀವೆಲ್ಲ ನೋಡೀರಿ. ಶಾಲೆಯಲ್ಲಿದ್ದಾಗ ಮೇಷ್ಟ್ರು ಸಾಲು ಹಚ್ಚಿ ಕರಕೊಂಡು ಹೋಗಿ, ‘ಇದು ಅಶೋಕನ ಶಾಸನ, ಬರಕೊಳ್ರಿ’ ಅಂದಿರುತ್ತಾರೆ. ನಾವೂ ಬರಕೊಂಡೆವು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡುಹಿಡಿದ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂಬುದು ಆ ಕಲ್ಲಿನಿಂದ ಲೋಕಕ್ಕೆ ಖಾತ್ರಿಯಾಯಿತು. ಎರಡು ಮಾರ್ಕಿನ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆದರೆ ಆ ಕಲ್ಲಿನ ಮೈಮೇಲೆ ಬರೆದದ್ದಾದರೂ ಏನು? ಅದನ್ನು ನಮಗೆ ಯಾರೂ ಹೇಳಲಿಲ್ಲ. ಮುಂದೆ ನಾವೇ ಪುಸ್ತಕ ತೆಗೆದು ಓದಬೇಕಾಯಿತು. ಈ ಗುರಿಯನ್ನು ದೊಡ್ಡವನು ಮಾತ್ರ ಮುಟ್ಟಬಲ್ಲ ಎಂದು ತಿಳಿಯಬೇಡಿರಿ, ಸಣ್ಣವನೂ ಮುಟ್ಟಬಲ್ಲ. ಇದನ್ನು ಸಣ್ಣವನಿಗೂ ಹೇಳಬೇಕು, ದೊಡ್ಡವನಿಗೂ ಹೇಳಬೇಕು. ಸಾರಾಂಶ ಇಷ್ಟೇ. ಅಶೋಕ ಹೇಳಿದ್ದು ಧರ್ಮದ ಮಾತು, ಓಟದ ಮಾತಲ್ಲ. ಆದರೂ ನಮ್ಮ ನೆಲದ ಅತಿ ಹಳೆಯ ಬರಹಗಳಲ್ಲಿ ಒಂದು ‘ಸಣ್ಣವ’ನ ಪರವಾಗಿ ನಿಂತಿದೆ ಅನ್ನುವುದು ಸಣ್ಣ ಸಂಗತಿಯಲ್ಲ.

ದಾಖಲೆ ಅನ್ನೋ ಶಬ್ದ ಕೇಳಿದರೆ ಹಾಸ್ಟೆಲ್ ಹುಡುಗರ ಎದೆ ಡವಡವ ಅನ್ನುತ್ತದೆ. ನಮಗೆ ದಾಖಲೆ ಅಂದರೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಟಿ.ಸಿ., ಮಾರ್ಕ್ಸ್ ಕಾರ್ಡು, ಮೂರು ಜೆರಾಕ್ಸು, ಎರಡು ಫೋಟೋ. ಈ ಸಲ ನಾವು ಬರೆಯುತ್ತಿರುವುದು ಇನ್ನೊಂದು ಬಗೆಯ ದಾಖಲೆಯ ಮೇಲೆ. ಕಾಲಿನಿಂದ ಬರೆದ ದಾಖಲೆಯ ಮೇಲೆ.

ನಾಲ್ಕು ಹೆಸರು ನೆನಪಿಡಿರಿ. 2022ರಲ್ಲಿ ಅಸ್ಸಾಮಿನ ಅಮ್ಲಾನ್ ಬೊರ್ಗೊಹೈನ್ 100 ಮೀಟರನ್ನು 10.25 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದ. 2023ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ನಮ್ಮ ಉಡುಪಿ ಜಿಲ್ಲೆಯ ಮಣಿಕಂಠ ಹೋಬಳಿದಾರ್ ಅದನ್ನು 10.23ಕ್ಕೆ ಇಳಿಸಿದ. 2025ರ ಮಾರ್ಚಿನಲ್ಲಿ ಮತ್ತೆ ಬೆಂಗಳೂರಿನಲ್ಲೇ ಪಂಜಾಬಿನ ಗುರಿಂದರ್‌ವೀರ್ ಸಿಂಗ್ 10.20 ಓಡಿದ. ಅದೇ ಓಟದಲ್ಲಿ ಮಣಿಕಂಠ 10.22, ತನ್ನ ಹಳೆಯ ಹೊತ್ತನ್ನು ತಾನು ಗೆದ್ದ, ಆದರೂ ಎರಡನೆಯವನಾದ. 2025ರ ಜುಲೈನಲ್ಲಿ ಗ್ರೀಸ್ ದೇಶದಲ್ಲಿ ಛತ್ತೀಸಗಡದ ಆದಿವಾಸಿ ಹುಡುಗ ಅನಿಮೇಶ್ ಕುಜೂರ್ 10.18ಕ್ಕೆ ಮುಟ್ಟಿದ. ಮೂರು ವರ್ಷದಲ್ಲಿ ಒಂದೇ ದಾಖಲೆ ನಾಲ್ಕು ಕೈ ಬದಲಾಯಿಸಿತು.

ಇಷ್ಟೇ ಆಗಿದ್ದರೆ ಇದು ನಾಲ್ವರ ಪೈಪೋಟಿಯ ಕತೆ. ಆದರೆ 2025ರ ಏಪ್ರಿಲ್ ಕೊನೆಗೆ ಚಂಡೀಗಡದಲ್ಲಿ ಇದೇ ನಾಲ್ವರು ಒಂದೇ ಕ್ಲಬ್ಬಿನ ಪರವಾಗಿ 4×100 ಮೀಟರ್ ರಿಲೇ ಓಡಿದರು. 38.69 ಸೆಕೆಂಡು! 2010ರ ದೆಹಲಿ ಕಾಮನ್‌ವೆಲ್ತ್ ಕೂಟದ 38.89 ಹದಿನೈದು ವರ್ಷ ಅಲುಗಾಡದೆ ನಿಂತಿತ್ತು. ಅದನ್ನು ಇವರು ಉರುಳಿಸಿದರು. ಒಬ್ಬನ ದಾಖಲೆಯನ್ನು ಇನ್ನೊಬ್ಬ ಕಿತ್ತುಕೊಳ್ಳುವವರು, ಕೈಯಲ್ಲಿ ಕೋಲು ಬಂದಾಗ ಒಬ್ಬನಿಗಾಗಿ ಇನ್ನೊಬ್ಬ ಓಡಿದರು. ಈ ನಾಲ್ವರಿಗೂ ನಮ್ಮ ಅಭಿನಂದನೆ.

ರಿಲೇ ಅನ್ನುವ ಆಟವನ್ನು ನಮ್ಮ ಊರಿನ ದೊಡ್ಡ ಮಂದಿ ಒಮ್ಮೆ ಕೂತು ನೋಡಬೇಕು. ಒಬ್ಬನ ಅಂಗೈ ಬೆವರು ಹತ್ತಿದ ಕೋಲನ್ನೇ ಇನ್ನೊಬ್ಬ ಹಿಡಿಯಬೇಕು. ನೀರು ಚಿಮುಕಿಸಿ ತಗೊಳ್ಳಲು ಅಲ್ಲಿ ಹೊತ್ತಿಲ್ಲ. ಮೈಲಿಗೆ ಅಂದವನು ಅಲ್ಲೇ ಸೋತ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರಿಂದ ಈ ಆಟ ಆಡಲಾಗದು.

ಅಭಿನಂದನೆ ಆಯಿತು. ಈಗ ಪ್ರಶ್ನೆ. ಈ ಕ್ಲಬ್ಬು ಯಾರದು? ರಿಲಯನ್ಸ್ ಎಂಬ ಭಾರಿ ಕಂಪನಿಯದು. ಅಲ್ಲಿ ಕೋಚ್ ಇದ್ದಾರೆ, ಡಾಕ್ಟರ್ ಇದ್ದಾರೆ, ಅಳೆದು ತೂಗಿ ಬಡಿಸುವ ಊಟ ಇದೆ, ಮಳೆ ಬಂದರೂ ಕೆಸರಾಗದ ಟ್ರ್ಯಾಕ್ ಇದೆ. ಅನಿಮೇಶ್ ಸೈನಿಕ ಶಾಲೆಯಲ್ಲಿ ಓದಿದವನು. ಆಡಲು ನೆಲ, ತಿನ್ನಲು ಅನ್ನ ಇದ್ದ ಜಾಗದಿಂದ ಬಂದವನು. ಇದರಿಂದ ಅವನ ಗೆಲುವು ಕಡಿಮೆ ಆಗುವುದಿಲ್ಲ. ಬದಲಿಗೆ ಒಂದು ಸತ್ಯ ಬಯಲಿಗೆ ಬರುತ್ತದೆ. ನೆಲ, ಅನ್ನ, ಬೂಟು, ಕಲಿಸುವವರು, ಈ ನಾಲ್ಕು ಸಿಕ್ಕಲ್ಲಿ ದಾಖಲೆ ಹುಟ್ಟುತ್ತದೆ. ಹುಟ್ಟಿದ ಕುಲದಿಂದ ಅಲ್ಲ, ಇವರು ಬಾಯಿ ತೆರೆದರೆ ಅನ್ನುವ ಆ ‘ಮೆರಿಟ್ಟಿ’ನಿಂದಲೂ ಅಲ್ಲ.

ಇದನ್ನು ನಮ್ಮ ಕರ್ನಾಟಕವೇ ಒಮ್ಮೆ ಕಂಡಿದೆ, ಕಂಡು ಮರೆತಿದೆ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರದವರು ಉತ್ತರ ಕನ್ನಡದ ಕಾಡಿನ ಸಿದ್ದಿ ಕೇರಿಗಳಿಗೆ ಹೋದರು. ಯಲ್ಲಾಪುರ, ಹಳಿಯಾಳದ ಕಡೆಯ ಮಕ್ಕಳನ್ನು ಓಡಿಸಿ ನೋಡಿ ಆರಿಸಿ ತಂದರು. ಯಾಕೆ? ಇವರ ಹಿರಿಯರು ಆಫ್ರಿಕದಿಂದ ಬಂದವರು, ಇವರ ರಕ್ತದಲ್ಲೇ ಓಟ ಇದೆ, ಒಲಿಂಪಿಕ್ ಪದಕ ಬರುತ್ತದೆ ಎಂದು. ತಲೆತಲಾಂತರ ಜೀತ ಮಾಡಿದವರ ಹೊಟ್ಟೆ ಕಾಣಲಿಲ್ಲ, ರಕ್ತ ಮಾತ್ರ ಕಂಡಿತು. ಆದರೂ ಮಕ್ಕಳು ಓಡಿದರು. ಕಮಲಾ ಸಿದ್ದಿಯಂಥವರು ದೇಶದ ಬಣ್ಣ ತೊಟ್ಟು ಹರ್ಡಲ್ಸ್ ಜಿಗಿದರು. 1993ಕ್ಕೆ ಯೋಜನೆ ನಿಂತಿತು. ಮಕ್ಕಳು ಕಾಡಿಗೆ, ಕೂಲಿಗೆ ವಾಪಸು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಕಾಗದ ಸಿಕ್ಕಿದ್ದು ಅದಕ್ಕೂ ಹತ್ತು ವರ್ಷ ಬಿಟ್ಟು, 2003ರಲ್ಲಿ. ಯೋಜನೆ ನಿಂತ ಮಾರನೆಯ ದಿನ ಅವರ ರಕ್ತ ಬದಲಾಯಿತೇನು? ಇಲ್ಲ. ತಾಟಿನ ಅನ್ನ ಹೋಯಿತು. ರಕ್ತ ಓಡುವುದಿಲ್ಲ ಗೆಳೆಯರೆ, ಅನ್ನ ಓಡುತ್ತದೆ. ಈಚಿನ ವರ್ಷಗಳಲ್ಲಿ ಮುಂಡಗೋಡ ಕಡೆ ಸಿದ್ದಿ, ಗೌಳಿ ಮಕ್ಕಳಿಗೆ ಮತ್ತೆ ಓಟ ಕಲಿಸುತ್ತಿದ್ದಾರೆ ಅನ್ನುವುದು ಸಂತೋಷದ ಸುದ್ದಿ. ಮತ್ತೆ ನಡುದಾರಿಯಲ್ಲಿ ಕೈಬಿಡದಿರಲಿ.

ಇನ್ನೊಂದು ಹೆಸರು. ಶಾಂತಿ ಸೌಂದರರಾಜನ್. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ದಲಿತ ಕೇರಿಯವರು, ಇಟ್ಟಿಗೆ ಭಟ್ಟಿಯ ಕೂಲಿಕಾರರ ಮಗಳು. 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ ರಾಷ್ಟ್ರೀಯ ದಾಖಲೆ ಬರೆದರು. 2006ರ ದೋಹಾ ಏಷ್ಯನ್ ಕೂಟದ 800 ಮೀಟರಿನಲ್ಲಿ ಬೆಳ್ಳಿ ಗೆದ್ದರು. ನೀನು ಹೆಣ್ಣೇ ಅಲ್ಲ ಎಂದು ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಮುಂದೆ ಹೊಟ್ಟೆಪಾಡಿಗೆ ಅವರೇ ಇಟ್ಟಿಗೆ ಭಟ್ಟಿಗೆ ಇಳಿದರು. ಅಷ್ಟಕ್ಕೇ ಅವರು ಮುಗಿಯಲಿಲ್ಲ. ಕೋಚ್ ತರಬೇತಿ ಪಡೆದು ಬಡವರ ಮಕ್ಕಳಿಗೆ ಓಟ ಕಲಿಸಲು ನಿಂತರು. ಗುಳೆ ಹೋಗಿ ಇಟ್ಟಿಗೆ ಹೊತ್ತ ತಾಯಂದಿರ ಮಕ್ಕಳು ನಾವು. ಈ ಕತೆ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ದೂರದ್ದು ಬಿಡ್ರಿ, ನಮ್ಮ ಮನಿ ಮಾತು ಹೇಳತೀವಿ. ಸಿಂಧನೂರು ಕಡೆ ನಸುಕಿನಲ್ಲಿ ತುಂಗಭದ್ರಾ ಕಾಲುವೆಯ ದಂಡೆಗೆ ಹೋಗಿ ನಿಲ್ಲಿರಿ. ಮಬ್ಬಿನಾಗ ಹುಡುಗರು ಓಡತಿರತಾರ. ಪದಕಕ್ಕಲ್ಲ, ಪೊಲೀಸ್ ಕಾನ್ಸ್‌ಟೇಬಲ್ ಕೆಲಸಕ್ಕೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಹುಡುಗಿಯರಿಗೆ 400 ಮೀಟರ್, 2 ನಿಮಿಷ. ಕಾಲುವೆಯ ನೀರು ಯಾರ ಗದ್ದೆಗೆ ಹರಿಯುತ್ತದೋ ಎಲ್ಲರಿಗೂ ಗೊತ್ತು. ದಂಡೆಯ ಮೇಲಿನ ಗಾಳಿ ಮಾತ್ರ ನಮ್ಮದು.

ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದ ಒಬ್ಬ ಗೆಳೆಯನೂ ಹಾಗೆ ಓಡುತ್ತಿದ್ದ. ಹೆಸರು ಬೇಡ. ಹಗ್ಗ ಹಿಡಿದು ನಾವೇ ದೂರ ಅಳೆದಿದ್ದೆವು, ಮೊಬೈಲಿನಲ್ಲಿ ನಾವೇ ಹೊತ್ತು ಹಿಡಿದೆವು. ಬರಿಗಾಲಲ್ಲಿ 1600 ಮೀಟರು: 5 ನಿಮಿಷ 2 ಸೆಕೆಂಡು. ನಾವು ಕುಣಿದಾಡಿದೆವು. ಅವನು ಮಾತ್ರ ದಂಡೆಯ ಮೇಲೆ ಕೂತು ಅಂಗಾಲಿನ ಮುಳ್ಳು ತೆಗೆಯುತ್ತಿದ್ದ. ಮುಂದೆ ದಾಖಲಾತಿ ಪರಿಶೀಲನೆಯ ದಿನ ಬಂತು. ಒಂದು ಪ್ರಮಾಣಪತ್ರ ಹಳೆಯದಾಗಿತ್ತು. ಹೊಸದಕ್ಕೆ ಕಚೇರಿಗೆ ಅಲೆದ. ‘ನಾಳೆ ಬಾ’ ಅಂದರು. ಸರ್ವರ್ ಇಲ್ಲ ಅಂದರು. ಸಾಹೇಬರು ಮೀಟಿಂಗಿಗೆ ಹೋಗ್ಯಾರ ಅಂದರು. ಕಾಗದ ಕೈಗೆ ಬರುವಷ್ಟರಲ್ಲಿ ದಿನ ಮೀರಿತ್ತು. ಕಾಲಿನ ದಾಖಲೆ ಇತ್ತು, ಕಾಗದದ ದಾಖಲೆ ಇರಲಿಲ್ಲ. ಆ ವರ್ಷವೇ ಮನೆಯವರ ಜೊತೆ ಗುಳೆ ಹೋದ. ಈಗ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ.

ಆ 5 ನಿಮಿಷ 2 ಸೆಕೆಂಡು ಎಲ್ಲಿ ಬರೆದಿದೆ? ಎಲ್ಲೂ ಇಲ್ಲ. ಕಚೇರಿಯನ್ನು ಬೈಯುವ ಮುಂಚೆ ನಮ್ಮನ್ನೂ ನಾವು ಕೇಳಿಕೊಳ್ಳಬೇಕು. ಆವತ್ತು ಕುಣಿದವರಲ್ಲಿ ಒಬ್ಬನಾದರೂ ಒಂದು ಹಾಳೆಯ ಮೇಲೆ ಬರೆದಿಟ್ಟನೇ? ಕವಿತೆ ಬರೆಯುವ ನಾವೇ ಬರೆಯಲಿಲ್ಲ. ಇದು ನಮ್ಮ ತಪ್ಪು.

ಹಾಗಾದರೆ ಕಂಪನಿ ಬರಲಿ, ಸರಕಾರ ಬರಲಿ ಎಂದು ಕಾಯುವುದೇ? ಕಾಯದೆ ಕಟ್ಟಿದವರ ಕತೆ ಕೇಳಿರಿ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಟೆನೆಸ್ಸಿ ಸ್ಟೇಟ್ ಎಂಬ ಕರಿಯರ ಕಾಲೇಜು. ಅಲ್ಲಿಯ ಹುಡುಗಿಯರ ಓಟದ ತಂಡದ ಹೆಸರು ಟೈಗರ್‌ಬೆಲ್ಸ್. ಎಡ್ ಟೆಂಪಲ್ ಎಂಬ ಮೇಷ್ಟ್ರು ಕೋಚ್. ಹೇಳಿಕೊಳ್ಳುವಂಥ ಟ್ರ್ಯಾಕ್ ಇರಲಿಲ್ಲ, ಹಣ ಇರಲಿಲ್ಲ. ಹುಡುಗಿಯರು ಕಾಲೇಜಿನಲ್ಲೇ ಕೆಲಸ ಮಾಡಿಕೊಂಡು ಓದುತ್ತಿದ್ದರು. ಓಡಲು ಬೇರೆ ಊರಿಗೆ ಹೋದರೆ ದಾರಿಯ ಹೋಟೆಲುಗಳಲ್ಲಿ ಕರಿಯರಿಗೆ ಜಾಗ ಇಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅಮೆರಿಕದ 4×100 ರಿಲೇ ತಂಡದ ನಾಲ್ವರೂ ಇದೇ ಕಾಲೇಜಿನವರು: ಮಾರ್ತಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ವಿಲ್ಮಾ ರುಡಾಲ್ಫ್. ಸೆಮಿಫೈನಲಿನಲ್ಲಿ 44.4 ಸೆಕೆಂಡು, ವಿಶ್ವ ದಾಖಲೆ. ಫೈನಲಿನಲ್ಲಿ ಕೋಲು ಬದಲಿಸುವಾಗ ಕೈ ತಪ್ಪುವಂತಾಯಿತು, ಆದರೂ ಚಿನ್ನ ಬಿಡಲಿಲ್ಲ.

ಆ ವಿಲ್ಮಾ ಯಾರು? ಬಡ ಮನೆಯ 22 ಮಕ್ಕಳಲ್ಲಿ 20ನೆಯವಳು. ಪೋಲಿಯೊ ಬಂದು ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಬೆಳೆದವಳು. ಅದೇ ಕಾಲಿನಿಂದ ರೋಮ್‌ನಲ್ಲಿ ಮೂರು ಚಿನ್ನ. ಹುಟ್ಟೂರು ಕ್ಲಾರ್ಕ್ಸ್‌ವಿಲ್‌ನವರು ಮೆರವಣಿಗೆ ಮಾಡುತ್ತೇವೆ ಅಂದಾಗ, ಬಿಳಿಯರಿಗೆ ಬೇರೆ ಕರಿಯರಿಗೆ ಬೇರೆ ಎಂದರೆ ನಾನು ಬರುವುದಿಲ್ಲ ಎಂದು ಪಟ್ಟು ಹಿಡಿದಳು. ಆ ಊರಿನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಸೇರಿದ ಮೊದಲ ಸಮಾರಂಭ ಅದು. 44.4 ಸೆಕೆಂಡು ಅನ್ನುವ ದಾಖಲೆ ಮುಂದೆ ಮುರಿದುಬಿತ್ತು, ಮುರಿಯಲೇಬೇಕು. ಆ ಮೆರವಣಿಗೆಯ ದಾಖಲೆಯನ್ನು ಯಾರೂ ಮುರಿಯಲಾರರು. ಆ ಒಂದು ಬಡ ಕ್ಲಬ್ಬಿನಿಂದ ಟೆಂಪಲ್ ಮೇಷ್ಟ್ರ ಕಾಲದಲ್ಲಿ 40 ಜನ ಒಲಿಂಪಿಕ್ಸಿಗೆ ಹೋದರು, 23 ಪದಕ ತಂದರು.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಾಸ್ಟೆಲುಗಳಲ್ಲಿ ಅಂಥ ನಾಲ್ಕು ಜೊತೆ ಕಾಲು ಇಲ್ಲವೇ? ಅದಾವ. ಆದ್ದರಿಂದ ಈ ಸಂಚಿಕೆಯ ಮೂಲಕ ನಾವು ಕೇಳುವುದು ಇಷ್ಟು.

ಒಂದು, ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ಕು ಇಡಿರಿ. ಹೆಸರು, ಊರು, ದೂರ, ಹೊತ್ತು, ತಾರೀಖು. ಜಾತಿಯ ಕಾಲಂ ಬೇಡ. ಇಂದು ಓಡಿದ್ದು ಇಂದೇ ಬರೆಯಿರಿ. ಅದು ನಮ್ಮ ದಾಖಲೆ ಪುಸ್ತಕ. ಅದಕ್ಕೆ ಯಾವ ಸಾಹೇಬರ ಸಹಿಯೂ ಬೇಡ.

ಎರಡು, ಮೂರೂ ತಾಲೂಕಿನಲ್ಲಿ ಹಾಸ್ಟೆಲಿನವರಿಗೆ ದಿನಾ ಓಡಲು ಸಿಗುವ, ಅಳತೆಯ ಗೆರೆ ಹಾಕಿದ ಬಯಲು ಬೇಕು. ನಮ್ಮ ಎರೆಮಣ್ಣು ಮಳೆಗೆ ಮೊಣಕಾಲು ಹಿಡಿಯುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೊರಂ ಹಾಕಿ ಗಟ್ಟಿ ಮಾಡಿದ ನೆಲ ಕೊಡಿರಿ ಎಂದು ಒಟ್ಟಾಗಿ ಅರ್ಜಿ ಹಾಕೋಣ. ಹಾಸ್ಟೆಲಿನ ಮೊಟ್ಟೆ, ಬಾಳೆಹಣ್ಣು ಲೆಕ್ಕದ ಪುಸ್ತಕದಲ್ಲಲ್ಲ, ತಾಟಿನಲ್ಲಿ ಕಾಣಬೇಕು.

ಮೂರು, ಹುಡುಗಿಯರ ಹಾಸ್ಟೆಲಿನ ಗೇಟು ನಸುಕಿನಲ್ಲಿ ತೆರೆಯಲಿ. ‘ಕತ್ತಲು, ಕಾಲ ಕೆಟ್ಟೈತಿ’ ಅನ್ನುವವರು ಜೊತೆಗೆ ಬಂದು ನಿಲ್ಲಲಿ. ನಮ್ಮ ಅಕ್ಕತಂಗಿಯರನ್ನು ಗೇಟಿನೊಳಗೆ ಕೂಡಿಟ್ಟು ವಿಲ್ಮಾಳನ್ನು ಹೊಗಳುವುದು ಬೂಟಾಟಿಕೆ.

ನಾಲ್ಕು, ಮುಂದಿನ ಏಪ್ರಿಲ್ 14ಕ್ಕೆ ಬರೀ ಹಾರ, ಭಾಷಣ, ಡಿಜೆ ಸಾಲದು. ಸಿಂಧನೂರಿಂದ ಒಂದು ಕೋಲು ಹೊರಡಲಿ, ಲಿಂಗಸುಗೂರಿಂದ ಒಂದು ಕೋಲು ಹೊರಡಲಿ. ಕಿಲೋಮೀಟರಿಗೆ ಒಬ್ಬರು, ಹುಡುಗ ಹುಡುಗಿ ಇಬ್ಬರೂ. ಕೇರಿಯವರು ಹಿಡಿದ ಕೋಲನ್ನೇ ಊರವರೂ ಹಿಡಿಯಲಿ. ಹಿಡಿಯುವವರು ಯಾರು, ಹಿಂದೆ ಸರಿಯುವವರು ಯಾರು, ಅದೂ ಆ ನೋಟ್‌ಬುಕ್ಕಿನಲ್ಲಿ ದಾಖಲಾಗಲಿ. ಎರಡೂ ಕೋಲು ನಡುವಿನ ಮಸ್ಕಿಯಲ್ಲಿ, ಆ ಕಲ್ಲಿನ ಹತ್ತಿರ ಕೂಡಲಿ.

ಸಣ್ಣವನೂ ಮುಟ್ಟಬಲ್ಲ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಆ ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ. ಮುಟ್ಟಿ ತೋರಿಸುವ ಸರದಿ ನಮ್ಮದು. ಬೆಂಗಳೂರಿನ ಸೆಂಟ್ರಿಂಗ್ ಕಂಬದ ಮೇಲೆ ನಿಂತ ಗೆಳೆಯನೆ, ಹಬ್ಬಕ್ಕೆ ಊರಿಗೆ ಬಂದಾಗ ಹಾಸ್ಟೆಲಿಗೆ ಬಾ. ನೋಟ್‌ಬುಕ್ಕಿನ ಮೊದಲ ಸಾಲು ಖಾಲಿ ಬಿಟ್ಟಿದ್ದೇವೆ.

ಜೈಭೀಮ್.